ತಿಪಟೂರಿನ ಮನೆಗೊಂದು ಕಂಪ್ಯೂಟರ್: ಪ್ರೊಸೆಸರ್ ಆಯ್ಕೆಯಿಂದ ಬಾಗಿದ ಪಿನ್ನುಗಳವರೆಗೆ

ತಿಪಟೂರಿನ ಅಕ್ಕನ ಮನೆಯಲ್ಲಿ ಇಬ್ಬರು ಮಕ್ಕಳ ಓದಿಗೂ ಆಟಕ್ಕೂ ಸೇರಿಸಿ ಒಂದೇ ಕಂಪ್ಯೂಟರ್ ಕಟ್ಟಿಕೊಡುವ ಕೆಲಸವನ್ನು 2025ರ ಏಪ್ರಿಲ್ ಕೊನೆಯಲ್ಲಿ ಕೈಗೆತ್ತಿಕೊಂಡೆ. ಅದು ಪೂರ್ಣವಾಗಿ ಮುಗಿದದ್ದು ಆಗಸ್ಟ್ 24ರಂದು. ತುಮಕೂರಿನ ಪಾಲಿಟೆಕ್ನಿಕ್ ಒಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಬಿಡಿಭಾಗಗಳನ್ನು ಜೋಡಿಸುವುದು ಹೊಸದಲ್ಲ. ಆದರೆ ಅಕ್ಕ ಕೊಬ್ಬರಿ ಮಾರಿ ಎತ್ತಿಟ್ಟ ಹಣದ ಲೆಕ್ಕವನ್ನು ಮುಂದಿಟ್ಟುಕೊಂಡು ಪ್ರೊಸೆಸರ್ (ಕಂಪ್ಯೂಟರಿನ ಲೆಕ್ಕಾಚಾರವನ್ನೆಲ್ಲ ಮಾಡುವ ಮುಖ್ಯ ಚಿಪ್) ಆರಿಸಬೇಕಾಗಿ ಬಂದದ್ದು ಇದೇ ಮೊದಲು. ಆಗಾಗ ಪುಸ್ತಕದಲ್ಲಿ ಗುರುತು ಹಾಕಿಕೊಂಡ ಅಳತೆ, ಬೆಲೆ ಮತ್ತು ತಪ್ಪುಗಳನ್ನು ತಾರೀಖಿನ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ 27, ಭಾನುವಾರ: ಹಳೆಯ ಯಂತ್ರದ ಪರೀಕ್ಷೆ

ಮನೆಯಲ್ಲಿದ್ದದ್ದು 2012ರ ಕಾಲದ ಇಂಟೆಲ್ ಕೋರ್ ಐ5-3470 ಪ್ರೊಸೆಸರಿನ ಕಂಪ್ಯೂಟರ್. ನಾಲ್ಕು ಕೋರ್ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕ), 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಕ್ಕನ ಮಗಳು ಪಿಯುಸಿಗೆ ಸೇರುವವಳು, ಮಗ ಒಂಬತ್ತನೇ ತರಗತಿಗೆ ಹೋಗುವವನು. ವಿಡಿಯೊ ಪಾಠವೊಂದನ್ನು ಹಾಕಿ, ಜೊತೆಗೆ ಬ್ರೌಸರಿನಲ್ಲಿ ಹತ್ತಿಪ್ಪತ್ತು ಪುಟ ತೆರೆದರೆ ಯಂತ್ರ ನಿಂತೇ ಹೋಗುತ್ತದೆ ಎಂಬುದು ಅವಳ ದೂರು. ಪ್ರೊಸೆಸರ್ ಹಳೆಯದಾಯಿತು ಎಂದು ಮನೆಯವರೆಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಪ್ರೊಸೆಸರಿನ ಬಳಕೆ ಶೇ 60ರಿಂದ 70ರ ನಡುವೆ ಆಡುತ್ತಿತ್ತು. ಶೇ 100ಕ್ಕೆ ಅಂಟಿಕೊಂಡಿದ್ದದ್ದು ಹಾರ್ಡ್ ಡಿಸ್ಕ್. ನನ್ನ ಬಳಿ ಬಿದ್ದಿದ್ದ, ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಸಂಗ್ರಹವಾದ 240 ಜಿಬಿಯ ಸಾಟಾ ಎಸ್‌ಎಸ್‌ಡಿಯೊಂದನ್ನು ಜೋಡಿಸಿ ವಿಂಡೋಸ್ 10 ಅನ್ನು ಮತ್ತೆ ಹಾಕಿದೆ. ಮೊದಲು ಆನ್ ಮಾಡಿದ ಮೇಲೆ ಬಳಕೆಗೆ ಸಿಗಲು 1 ನಿಮಿಷ 50 ಸೆಕೆಂಡು ಬೇಕಾಗುತ್ತಿತ್ತು, ಈಗ 24 ಸೆಕೆಂಡು ಸಾಕಾಯಿತು. ವಿಡಿಯೊ ಪಾಠ, ಕನ್ನಡದಲ್ಲಿ ಪ್ರಾಜೆಕ್ಟ್ ವರದಿ ಬರೆಯುವುದು, ಪೈಥಾನಿನ ಅಭ್ಯಾಸ ಇವು ಮೂರೂ ಸಲೀಸಾಗಿ ನಡೆದವು. ಶಾಲೆಯ ಕೆಲಸವೊಂದೇ ಆಗಿದ್ದರೆ ಖರ್ಚನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು ಎಂಬುದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಓದಿಗಾಗಿ ಹೊಸ ಪ್ರೊಸೆಸರ್ ಬೇಕು ಎಂದು ಬರುವ ಹತ್ತು ಮನೆಗಳಲ್ಲಿ ನಾಲ್ಕೈದು ಮನೆಗಳಿಗೆ ಬೇಕಾಗಿರುವುದು ಎಸ್‌ಎಸ್‌ಡಿ ಮಾತ್ರ ಎಂದು ನನ್ನ ಅನುಭವ.

ಎರಡು ಕಾರಣಗಳಿಂದ ಅಲ್ಲಿಗೇ ನಿಲ್ಲಿಸಲಾಗಲಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಳ್ಳುವುದಿತ್ತು, ಈ ಪ್ರೊಸೆಸರಾದರೋ ವಿಂಡೋಸ್ 11ರ ಪಟ್ಟಿಯಲ್ಲಿಯೇ ಇರಲಿಲ್ಲ, ಅದಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಭಾಗ ಕೂಡ ಈ ಬೋರ್ಡಿನಲ್ಲಿ (ಬಿಡಿಭಾಗಗಳೆಲ್ಲ ಕೂರುವ ಮದರ್‌ಬೋರ್ಡಿನಲ್ಲಿ) ಇಲ್ಲ. ಎರಡನೆಯದು, ಹುಡುಗ ವರ್ಷದಿಂದ ಕೇಳುತ್ತಿದ್ದ ಆಟಗಳು: ಮೈನ್‌ಕ್ರಾಫ್ಟ್, ವ್ಯಾಲೊರಂಟ್ ಮತ್ತು ಫೋರ್ಜಾ ಹೊರೈಜನ್ 5. ಇವುಗಳಲ್ಲಿ ಕೊನೆಯದು ಹಳೆಯ ಯಂತ್ರದಲ್ಲಿ ನಡೆಯುವ ಮಾತೇ ಇರಲಿಲ್ಲ.

ಹಣದ ವಿಚಾರವನ್ನು ಅಕ್ಕ ಅಂದೇ ಸ್ಪಷ್ಟಪಡಿಸಿದಳು. “ಈಗ ಮೂವತ್ತೆಂಟು ಸಾವಿರ ಐತೆ. ಇನ್ನೊಂದು ಸಲ ಕೊಬ್ಬರಿ ಹಾಕಿದ ಮೇಲೆ ಇಪ್ಪತ್ತೈದು ಕೊಡ್ತೀನಿ ಕಣೋ” ಎಂದಳು. ಮುಂದಿನ ಎಲ್ಲ ನಿರ್ಧಾರಗಳೂ ಈ ಒಂದು ಮಾತಿನಿಂದ ಹುಟ್ಟಿದವು. ಎಲ್ಲ ಹಣವೂ ಒಮ್ಮೆಗೇ ಕೈಗೆ ಬಂದಿದ್ದರೆ ಬೇರೆ ಪ್ರೊಸೆಸರನ್ನೇ ಆರಿಸುತ್ತಿದ್ದೆ.

ಮೇ 10, ಎರಡನೇ ಶನಿವಾರ: ಎಸ್.ಪಿ. ರೋಡಿನಲ್ಲಿ ಬೆಲೆ ವಿಚಾರಣೆ

ರಜೆಯ ದಿನವಾದ್ದರಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನ ಆರು ಅಂಗಡಿಗಳಲ್ಲಿ ಒಂದೇ ಪಟ್ಟಿಯನ್ನು ತೋರಿಸಿ ಬೆಲೆ ಬರೆದುಕೊಂಡೆ. ಭಾವನೂ ಜೊತೆಗೆ ಬಂದಿದ್ದರು. ಒಂದು ಅಂಗಡಿಯಲ್ಲಿ ಕಚೇರಿಗಳಿಂದ ತಂದು ಒರೆಸಿಟ್ಟ ಹಳೆಯ ಯಂತ್ರವೊಂದರ ಮೇಲೆ ‘ಐ7’ ಎಂಬ ಚೀಟಿ ಇತ್ತು, ಬೆಲೆ 14,000 ರೂಪಾಯಿ. “ಅಲ್ಲಯ್ಯಾ, ಐ7 ಇಷ್ಟು ಕಮ್ಮಿಗೆ ಸಿಗುವಾಗ ನೀನು ಮೂರು, ಐದು ಅಂತ ಯಾಕೆ ಹುಡುಕ್ತಿದೀಯ?” ಎಂದು ಭಾವ ಕೇಳಿದರು. ಅದು ಐ7-4770; 2013ರದು, ನಾಲ್ಕು ಕೋರ್, ಎಂಟು ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಎಳೆಗಳು). ಅಷ್ಟೇ ಕೋರ್ ಮತ್ತು ಥ್ರೆಡ್ ಇರುವ, 2022ರಲ್ಲಿ ಬಂದ ಐ3-12100ಎಫ್ ಅದಕ್ಕಿಂತ ಎಷ್ಟೋ ವೇಗದ್ದು, ವಿಂಡೋಸ್ 11ಕ್ಕೂ ಸಲ್ಲುತ್ತದೆ. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನೊಳಗಿನ ಮೆಟ್ಟಿಲು. ಬೇರೆ ಬೇರೆ ತಲೆಮಾರುಗಳನ್ನು ಹೋಲಿಸುವಾಗ ಅದರ ಮುಂದಿನ ನಾಲ್ಕು ಅಥವಾ ಐದು ಅಂಕಿಗಳನ್ನೇ ಓದಬೇಕು ಎಂದು ವಿವರಿಸಿದ ಮೇಲೆ ಅವರು ಒಪ್ಪಿದರು.

ಅಂದು ಬರೆದುಕೊಂಡ ಬೆಲೆಗಳಲ್ಲಿ ಕಡಿಮೆಯವು ಹೀಗಿದ್ದವು. ಐ3-12100ಎಫ್ 6,900 ರೂಪಾಯಿ, ಎಎಂಡಿ ಕಂಪನಿಯ ರೈಜನ್ 5 5500ಕ್ಕೆ 7,100, ರೈಜನ್ 5 5600ಕ್ಕೆ 8,900, ರೈಜನ್ 5 5600ಜಿಗೆ 10,200, ಐ5-12400ಎಫ್‌ಗೆ 10,400, ಚಿತ್ರ ತೋರಿಸುವ ಭಾಗ ಒಳಗೇ ಇರುವ ಐ5-12400ಕ್ಕೆ 13,600, ರೈಜನ್ 5 7600ಕ್ಕೆ 17,200.

ಇವುಗಳಲ್ಲಿ 7600 ಮನಸ್ಸಿಗೆ ಬಹಳ ಹಿಡಿಸಿತು. ಅದು ಕೂರುವ ಎಎಂ5 ಎಂಬ ಸಾಕೆಟ್ಟಿಗೆ (ಬೋರ್ಡಿನ ಮೇಲೆ ಪ್ರೊಸೆಸರಿಗಾಗಿ ಇರುವ ಜಾಗಕ್ಕೆ) 2027ರವರೆಗೂ ಅದರಾಚೆಗೂ ಹೊಸ ಪ್ರೊಸೆಸರುಗಳನ್ನು ತರುತ್ತೇವೆ ಎಂದು ಎಎಂಡಿ ಹೇಳಿದೆ. 5500, 5600 ಮತ್ತು 5600ಜಿ ಕೂರುವ ಎಎಂ4 ಆದರೋ 2016ರಷ್ಟು ಹಿಂದಿನದು. ಆದರೆ 7600ರ ಜೊತೆಗೆ ಬೋರ್ಡಿಗೆ 10,800, ಡಿಡಿಆರ್5 ರ‍್ಯಾಮಿಗೆ 4,200 ಸೇರಿಸಿದರೆ ಮೂರಕ್ಕೇ 32,200 ರೂಪಾಯಿ ಆಗುತ್ತಿತ್ತು. ಉಳಿಯುವ ಹಣದಲ್ಲಿ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಬರುವುದಿಲ್ಲ. 7600ರೊಳಗಿನ ಗ್ರಾಫಿಕ್ಸ್ ಭಾಗ ಪರದೆಗೆ ಚಿತ್ರ ಕೊಡಲು ಸಾಕು, ಆಟಕ್ಕೆ ಸಾಲದು. ಹಾಗಾಗಿ ಬಿಟ್ಟೆ.

ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿಯೂ, ರೈಜನ್ 5500 ಮತ್ತು 5600ರಲ್ಲಿಯೂ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅವುಗಳಿಂದ ಪರದೆಯ ಮೇಲೆ ಏನೂ ಮೂಡುವುದಿಲ್ಲ. ನಮ್ಮ ಕಾರ್ಡಿನ ಹಣ ಬರುವುದು ಆಗಸ್ಟಿನಲ್ಲಿ, ತರಗತಿಗಳು ಆರಂಭವಾಗುವುದು ಜೂನಿನಲ್ಲಿ. ಹೀಗೆ ನಾಲ್ಕು ಹೆಸರುಗಳು ಒಟ್ಟಿಗೇ ಹೋಗಿ ಉಳಿದದ್ದು 5600ಜಿ ಮತ್ತು ಐ5-12400 ಮಾತ್ರ. 5600ಜಿಯೊಳಗಿನ ವೇಗಾ ಗ್ರಾಫಿಕ್ಸಿನಲ್ಲಿ ಸಣ್ಣಪುಟ್ಟ ಆಟ ನಡೆಯುತ್ತದೆ. 12400ರ ಯುಎಚ್‌ಡಿ 730 ಅಷ್ಟು ಶಕ್ತವಲ್ಲ. ಹುಡುಗ ಆಗಸ್ಟಿನವರೆಗೆ ಆಟಕ್ಕೆ ಕಾಯಬೇಕಾಗಬಾರದು ಎಂಬ ಒಂದೇ ಕಾರಣಕ್ಕೆ 5600ಜಿ ಆರಿಸಿದೆ. ಕಾಯಬಲ್ಲ ಮನೆಯಾದರೆ, ಮುಂದೆ ಕಾರ್ಡ್ ಹಾಕುವುದು ಖಚಿತವಾಗಿದ್ದರೆ, 12400 ಹೆಚ್ಚು ಒಳ್ಳೆಯ ಆಯ್ಕೆ ಎಂದು ಈಗ ನನಗೆ ಅನ್ನಿಸುತ್ತದೆ. 5600ಜಿಯ ಯಾವ ಕೊರತೆಗಳಿಂದ ಹೀಗೆ ಅನ್ನಿಸಿತು ಎಂಬುದು ಮುಂದೆ ಬರುತ್ತದೆ.

ಪ್ರೊಸೆಸರ್, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, 550 ವ್ಯಾಟಿನ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ಮತ್ತು ಎರಡು ಫ್ಯಾನಿರುವ ಕ್ಯಾಬಿನೆಟ್ಟನ್ನು ಅಂದೇ ತಂದೆವು. ಮದರ್‌ಬೋರ್ಡನ್ನು ಮಾತ್ರ ತುಮಕೂರಿನಲ್ಲಿ ತೆಗೆದುಕೊಂಡೆ, ತೊಂದರೆಯಾದರೆ ಹಿಂದಿರುಗಿಸಲು ಹತ್ತಿರವಿರಲಿ ಎಂದು.

ಮೇ 11, ಭಾನುವಾರ: ಚಿತ್ರವೇ ಬರಲಿಲ್ಲ

ಹಿಂದಿನ ಸಂಜೆ ಕೊಂಡದ್ದು ಬಿ450 ಚಿಪ್‌ಸೆಟ್ಟಿನ ಬೋರ್ಡ್, 5,900 ರೂಪಾಯಿ. ತುಮಕೂರಿನ ನನ್ನ ಮನೆಯ ಮೇಜಿನ ಮೇಲೆ, ಕ್ಯಾಬಿನೆಟ್ಟಿಗೆ ಹಾಕುವ ಮುನ್ನವೇ, ಬೋರ್ಡಿನ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಜೋಡಿಸಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಕಪ್ಪಾಗಿಯೇ ಉಳಿಯಿತು.

ರ‍್ಯಾಮನ್ನು ಬೇರೆ ಕಿಂಡಿಗೆ ಹಾಕಿ ನೋಡಿದೆ. ಬೋರ್ಡಿನ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟೆ. ಕೇಬಲ್ ಬದಲಿಸಿದೆ. ಒಂದೂವರೆ ಗಂಟೆ ಕಳೆದ ಮೇಲೆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಾಗ, ರೈಜನ್ 5000 ಸಾಲಿಗೆ ಸಿದ್ಧ ಎಂದು ಹೇಳುವ ಚೀಟಿ ಅದರ ಮೇಲೆ ಇಲ್ಲದಿರುವುದು ಕಾಣಿಸಿತು. ಬಿ450 ಬೋರ್ಡುಗಳು 2018ರಲ್ಲಿ ಬಂದವು. 5600ಜಿ ಬಂದದ್ದು 2021ರಲ್ಲಿ. ಹಳೆಯ ಬಯಾಸ್ (ಯಂತ್ರ ಆನ್ ಆದಾಗ ಮೊದಲು ನಡೆಯುವ, ಬೋರ್ಡಿನೊಳಗಿನ ತಂತ್ರಾಂಶ) ಇರುವ ಬೋರ್ಡಿಗೆ ಹೊಸ ಪ್ರೊಸೆಸರಿನ ಪರಿಚಯವಿರುವುದಿಲ್ಲ. ಬಯಾಸ್ ನವೀಕರಿಸಲು ಅದೇ ಸಾಕೆಟ್ಟಿನ ಹಳೆಯ ಪ್ರೊಸೆಸರ್ ಬೇಕು, ಅಥವಾ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ಹಾಕುವ ಗುಂಡಿ ಬೋರ್ಡಿನಲ್ಲಿರಬೇಕು. ನನ್ನ ಬಳಿ ಹಳೆಯ ಪ್ರೊಸೆಸರ್ ಇರಲಿಲ್ಲ, ಆ ಬೋರ್ಡಿನಲ್ಲಿ ಗುಂಡಿಯೂ ಇರಲಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಚೀಟಿಯನ್ನು ಓದುವುದು ಅರ್ಧ ನಿಮಿಷದ ಕೆಲಸ, ನಾನದನ್ನು ಮಾಡಲಿಲ್ಲ.

ಮಾರನೆಯ ದಿನ ಅಂಗಡಿಯವರು ಬೋರ್ಡನ್ನು ಹಿಂದಕ್ಕೆ ತೆಗೆದುಕೊಂಡರು, ಆದರೆ ಹಣ ಕೊಡಲಿಲ್ಲ, ಬದಲಿ ವಸ್ತು ಮಾತ್ರ ಎಂದರು. ಇನ್ನೂ 2,400 ರೂಪಾಯಿ ಸೇರಿಸಿ 8,300ರ ಬಿ550 ಬೋರ್ಡ್ ತಂದೆ. ಆಗ ನನ್ನ ಮನಸ್ಸಿನಲ್ಲಿದ್ದ ಸಮರ್ಥನೆ ಏನೆಂದರೆ, ಬಿ550ರಲ್ಲಿ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೆ ಪಿಸಿಐಇ (ಕಾರ್ಡು ಮತ್ತು ಪ್ರೊಸೆಸರಿನ ನಡುವಿನ ದತ್ತಾಂಶದ ಹಾದಿ) 4.0 ವೇಗವಿದೆ, ಆಗಸ್ಟಿನಲ್ಲಿ ಕಾರ್ಡ್ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ ಎಂದು. ಇದು ಶುದ್ಧ ತಪ್ಪು. ಆ ಕಿಂಡಿಯ ತಂತಿಗಳು ನೇರವಾಗಿ ಪ್ರೊಸೆಸರಿಗೇ ಹೋಗುತ್ತವೆ, 5600ಜಿಯಲ್ಲಿ ಇರುವುದು ಪಿಸಿಐಇ 3.0 ಮಾತ್ರ. ಬೋರ್ಡ್ ಎಷ್ಟೇ ಹೊಸದಾಗಿದ್ದರೂ ಆ ಪ್ರೊಸೆಸರ್ ಕೂತಿರುವವರೆಗೆ 4.0 ಸಿಗುವುದಿಲ್ಲ. ಪ್ರೊಸೆಸರಿನ ವಿವರಪಟ್ಟಿಯಲ್ಲಿ ಕೋರ್, ಥ್ರೆಡ್, ಗಿಗಾಹರ್ಟ್ಸ್ ಇವುಗಳನ್ನು ಓದಿದ ನಾನು ಈ ಒಂದು ಸಾಲನ್ನು ಓದದೆ ಬಿಟ್ಟಿದ್ದೆ.

ಮೇ 25, ಭಾನುವಾರ: ತಿಪಟೂರಿನಲ್ಲಿ ಮೊದಲ ಜೋಡಣೆ

ಇನ್ನೊಂದು ಲೆಕ್ಕ ತಪ್ಪಿದ್ದು ವಿಂಡೋಸ್ ಪರವಾನಗಿಯಲ್ಲಿ. ಹಳೆಯ ಯಂತ್ರದ ವಿಂಡೋಸ್ ಆ ಬೋರ್ಡಿಗೇ ಕಟ್ಟಿಹಾಕಿದ್ದು, ಹೊಸದಕ್ಕೆ ಬರಲಿಲ್ಲ. ವ್ಯಾಲೊರಂಟ್ ಲಿನಕ್ಸಿನಲ್ಲಿ ನಡೆಯುವುದಿಲ್ಲವಾದ್ದರಿಂದ ವಿಂಡೋಸ್ 11 ಹೋಮ್ ಕೊಳ್ಳಲೇಬೇಕಾಯಿತು, 8,950 ರೂಪಾಯಿ. ಪಟ್ಟಿಯಲ್ಲಿ ಬರೆದಿರದ ಈ ಖರ್ಚಿನಿಂದಾಗಿ 8 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳ ಬದಲು ಒಂದನ್ನೇ ಕೊಂಡೆ. ಆಗಲೂ ಒಟ್ಟು 39,300 ರೂಪಾಯಿ ಆಯಿತು. ಮೇಲಿನ 1,300ನ್ನು ನಾನು ಹಾಕಿದೆ.

ಪರದೆ ಹಳೆಯದೇ: 1920×1080, 60 ಹರ್ಟ್ಸ್, ವಿಜಿಎ ಮತ್ತು ಡಿವಿಐ ಮಾತ್ರ. 350 ರೂಪಾಯಿಯ ಎಚ್‌ಡಿಎಂಐ–ಡಿವಿಐ ಕೇಬಲ್ ಸಾಕಾಯಿತು. ಜೋಡಣೆಗೆ ಬೇಕಾದದ್ದು ಒಂದು ಫಿಲಿಪ್ಸ್ ಸ್ಕ್ರೂಡ್ರೈವರ್, ಕೇಬಲ್ ಟೈ ಮತ್ತು ಎರಡೂವರೆ ಗಂಟೆ.

ಆಟದ ಫಲ ನಿರಾಸೆ ತಂದಿತು. ಫೋರ್ಜಾದಲ್ಲಿ ಅದರದೇ ಪರೀಕ್ಷಾ ಓಟವಿದೆ, ಪ್ರತಿ ಸಲವೂ ಒಂದೇ ಹಾದಿಯಲ್ಲಿ ಓಡುವುದರಿಂದ ಹೋಲಿಕೆಗೆ ಅನುಕೂಲ. ಅತಿ ಕೆಳಗಿನ ಗುಣಮಟ್ಟದಲ್ಲಿಯೂ ಸರಾಸರಿ ಸೆಕೆಂಡಿಗೆ 24 ಫ್ರೇಮ್ (ಪರದೆಗೆ ಬರುವ ಚಿತ್ರ) ಬಂತು, ಅದೂ ಆಗಾಗ ತಡವರಿಸುತ್ತಾ. ವ್ಯಾಲೊರಂಟ್ ಮೊದಲಿಗೆ ತೆರೆಯಲೇ ಇಲ್ಲ. ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಯಂತ್ರ ಆನ್ ಆಗುವಾಗ ತಂತ್ರಾಂಶದ ಸಾಚಾತನ ನೋಡುವ ಏರ್ಪಾಡು) ಎರಡೂ ಬೇಕು. ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿದ ಮೇಲೆ ತೆರೆಯಿತು, 81 ಫ್ರೇಮ್ ಬಂತು.

ಜೂನ್ 15, ಭಾನುವಾರ: ಎರಡನೇ ಕಡ್ಡಿ

ಫೋರ್ಜಾ ತಡವರಿಸುತ್ತಿದ್ದದ್ದು ಪ್ರೊಸೆಸರಿನ ದೋಷವಲ್ಲ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ. ರ‍್ಯಾಮಿನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ಬಯಾಸಿನಲ್ಲಿ ನಾನೇ ಅದಕ್ಕೆ 2 ಜಿಬಿ ಮೀಸಲಿಟ್ಟಿದ್ದೆ, ವಿಂಡೋಸಿಗೂ ಆಟಕ್ಕೂ ಸೇರಿ ಉಳಿದದ್ದು 6 ಜಿಬಿ. ಮೇಲಾಗಿ ಒಂದೇ ಕಡ್ಡಿ ಇದ್ದರೆ ಒಂದೇ ಹಾದಿಯಲ್ಲಿ ದತ್ತಾಂಶ ಸಾಗಬೇಕು. ಎರಡು ಕಡ್ಡಿಗಳಿದ್ದರೆ ಹಾದಿಯೂ ಎರಡಾಗುತ್ತದೆ.

1,700 ರೂಪಾಯಿಯ ಎರಡನೇ ಕಡ್ಡಿಯನ್ನು, ಬೋರ್ಡಿನ ಪುಸ್ತಕದಲ್ಲಿ ಹೇಳಿದಂತೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗಳು ತುಂಬುವಂತೆ ಹಾಕಿದೆ. ಫೋರ್ಜಾ 39ಕ್ಕೆ ಏರಿತು. ಆಮೇಲೆ ಬಯಾಸ್ ನೋಡಿದಾಗ ರ‍್ಯಾಮ್ ಇನ್ನೂ 2666ರಲ್ಲಿಯೇ ಓಡುತ್ತಿತ್ತು. ಪೆಟ್ಟಿಗೆಯ ಮೇಲಿದ್ದ ವೇಗ 3200. ಎಕ್ಸ್‌ಎಂಪಿ (ಪೆಟ್ಟಿಗೆಯ ಮೇಲಿನ ವೇಗಕ್ಕೆ ಏರಿಸುವ ಬಯಾಸ್ ಆಯ್ಕೆ) ಆನ್ ಮಾಡಿದ ಮೇಲೆ ಫೋರ್ಜಾದಲ್ಲಿ 44 ಬಂತು. ವ್ಯಾಲೊರಂಟ್ 81ರಿಂದ 118ಕ್ಕೆ ಹೋಯಿತು. ಪ್ರೊಸೆಸರ್ ಅದೇ, ಖರ್ಚಾದದ್ದು 1,700 ರೂಪಾಯಿ. ಒಳಗಿನ ಗ್ರಾಫಿಕ್ಸನ್ನು ನಂಬಿ ಕಟ್ಟುವ ಯಂತ್ರಕ್ಕೆ ಒಂಟಿ ಕಡ್ಡಿ ಹಾಕುವುದು ಪ್ರೊಸೆಸರಿನ ಮೇಲೆ ಕೊಟ್ಟ ಹಣದ ದೊಡ್ಡ ಭಾಗವನ್ನು ಕಳೆದಂತೆ ಎಂದು ಆ ದಿನ ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರಿನಲ್ಲಿ, ಪರದೆ ಬಿಟ್ಟು, ಸುಮ್ಮನಿರುವಾಗ 34 ವ್ಯಾಟ್, ಫೋರ್ಜಾ ಓಡುವಾಗ 93 ವ್ಯಾಟ್ ತೋರಿಸಿತು.

ಆಗಸ್ಟ್ 3, ಭಾನುವಾರ: ಗ್ರಾಫಿಕ್ಸ್ ಕಾರ್ಡ್

ಅಕ್ಕ ಹೇಳಿದ ಮಾತಿಗೆ ಸರಿಯಾಗಿ ಹಣ ಕೊಟ್ಟಳು. 20,900 ರೂಪಾಯಿಗೆ 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600 ಮತ್ತು 2,600ಕ್ಕೆ 600 ವಿಎ ಯುಪಿಎಸ್ ಕೊಂಡೆ. ಈ ಕಾರ್ಡಿಗೆ 132 ವ್ಯಾಟ್ ಎಂದು ಎಎಂಡಿ ಹೇಳುತ್ತದೆ. ಎಂಟು ಪಿನ್ನಿನ ಒಂದೇ ಕೇಬಲ್ ಸಾಕು, ಎಸ್‌ಎಂಪಿಎಸ್ಸಿನಲ್ಲಿ ಅದಿತ್ತು. ಜೋಡಿಸಿದ ಮೇಲೆ ಪರದೆಯ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಯಲ್ಲಿಯೇ ಬಿಟ್ಟು, ಚಿತ್ರ ಬರಲಿಲ್ಲವೆಂದು ಕಾಲು ಗಂಟೆ ಹುಡುಕಿದೆ. ಕೇಬಲ್ಲನ್ನು ಕಾರ್ಡಿಗೆ ಸಿಕ್ಕಿಸಬೇಕು ಎಂದು ತೋರಿಸಿದವನು ಹುಡುಗ.

ಫೋರ್ಜಾ ಈಗ ಮೇಲಿನ ಗುಣಮಟ್ಟದಲ್ಲಿ 97 ಫ್ರೇಮ್, ವ್ಯಾಲೊರಂಟ್ ಕೆಳಗಿನ ಗುಣಮಟ್ಟದಲ್ಲಿ 188. ಗೋಡೆಯಿಂದ ಎಳೆದದ್ದು ಹೆಚ್ಚೆಂದರೆ 214 ವ್ಯಾಟ್.

ಈಗ ತಡೆ ಎಲ್ಲಿದೆ, ಪ್ರೊಸೆಸರಿನಲ್ಲೋ ಕಾರ್ಡಿನಲ್ಲೋ ಎಂದು ತಿಳಿಯಲು ಎರಡೂ ಆಟಗಳನ್ನು 1920×1080ರಿಂದ 1280×720ಕ್ಕೆ ಇಳಿಸಿ ನೋಡಿದೆ. ಚುಕ್ಕಿಗಳು ಕಡಿಮೆಯಾದರೆ ಕಾರ್ಡಿನ ಹೊರೆ ಇಳಿಯುತ್ತದೆ, ಪ್ರೊಸೆಸರಿನ ಹೊರೆ ಹೆಚ್ಚೇನೂ ಬದಲಾಗುವುದಿಲ್ಲ. ಫೋರ್ಜಾ 97ರಿಂದ 121ಕ್ಕೆ ಏರಿತು. ಅಲ್ಲಿ ತಡೆ ಕಾರ್ಡಿನದು. ವ್ಯಾಲೊರಂಟ್ 188ರಿಂದ 191ಕ್ಕೆ ಹೋಗಿ ಅಲ್ಲೇ ನಿಂತಿತು. ಅಲ್ಲಿ ತಡೆ ಪ್ರೊಸೆಸರಿನದು. ಹೊಸ ಪ್ರೊಸೆಸರಿಗೆ ಹಣ ಕೊಡುವ ಮೊದಲು ಯಾರು ಬೇಕಾದರೂ ಮನೆಯಲ್ಲಿಯೇ ಮಾಡಬಹುದಾದ ಈ ಪರೀಕ್ಷೆಗೆ ಐದು ನಿಮಿಷ ಸಾಕು.

ಆಗಸ್ಟ್ 17, ಭಾನುವಾರ: ಪಿನ್ನುಗಳು ಬಾಗಿದ್ದು

5600ಜಿಯ ಎಲ್3 ಕ್ಯಾಶೆ (ಪ್ರೊಸೆಸರಿನೊಳಗಿನ ಅತಿ ವೇಗದ ಮೆಮೊರಿ) 16 ಎಂಬಿ, 5600ರದು 32 ಎಂಬಿ, ಪಿಸಿಐಇ 4.0 ಕೂಡ 5600ರಲ್ಲಿದೆ. ಕಾರ್ಡ್ ಬಂದ ಮೇಲೆ 5600ಜಿಯ ಒಳಗಿನ ಗ್ರಾಫಿಕ್ಸಿಗೆ ಕೆಲಸವಿಲ್ಲ. ಹಾಗಿದ್ದರೆ ಇದನ್ನು ಮಾರಿ 5600 ತಂದರೆ ಎಷ್ಟು ಲಾಭ ಎಂಬ ಪ್ರಶ್ನೆ ನನ್ನನ್ನು ಎರಡು ವಾರ ಬಿಡಲಿಲ್ಲ. ಸಹೋದ್ಯೋಗಿಯೊಬ್ಬರು ತಮ್ಮ 5600 ಅನ್ನು ಒಂದು ಭಾನುವಾರದ ಮಟ್ಟಿಗೆ ಕಳಚಿಕೊಟ್ಟರು.

ಹೊರಡುವ ಮುನ್ನ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದೆ. ಈ ಪ್ರೊಸೆಸರುಗಳಲ್ಲಿ ಟಿಪಿಎಂ ಪ್ರೊಸೆಸರಿನೊಳಗೇ ಇರುವುದರಿಂದ, ಪ್ರೊಸೆಸರ್ ಬದಲಾದರೆ ಡಿಸ್ಕ್ ಎನ್‌ಕ್ರಿಪ್ಶನ್ನಿನ ಬೀಗ ತೆರೆಯದೇ ಹೋಗಬಹುದು. ಮಕ್ಕಳ ಪ್ರಾಜೆಕ್ಟುಗಳೆಲ್ಲ ಅದರಲ್ಲಿದ್ದವು. ಹಿಂದಿನ ರಾತ್ರಿಯೇ ಫೋನಿನಲ್ಲಿ ಅಕ್ಕನ ಮಗಳಿಂದ ಎನ್‌ಕ್ರಿಪ್ಶನ್ ಆಫ್ ಮಾಡಿಸಿ, ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಸಿದ್ದೆ.

ಆಮೇಲಿನದು ಆತುರ. ಯಂತ್ರ ರಾತ್ರಿಯಿಂದ ಆಫ್ ಆಗಿ ತಣ್ಣಗಿತ್ತು. ಕೂಲರಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ನೇರವಾಗಿ ಮೇಲಕ್ಕೆ ಎಳೆದೆ. ಮೂರು ತಿಂಗಳಲ್ಲಿ ಗಟ್ಟಿಯಾಗಿದ್ದ ಥರ್ಮಲ್ ಪೇಸ್ಟ್ (ಬಿಸಿಯನ್ನು ಪ್ರೊಸೆಸರಿನಿಂದ ಕೂಲರಿಗೆ ದಾಟಿಸುವ ಲೇಪ) ಪ್ರೊಸೆಸರನ್ನು ಬಿಡಲಿಲ್ಲ. ಸಾಕೆಟ್ಟಿನ ಲಿವರ್ ಮುಚ್ಚಿದ್ದಂತೆಯೇ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಕಿತ್ತು ಬಂತು. ಎಎಂ4ರಲ್ಲಿ 1331 ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯ ಮೇಲೆಯೇ. ಅವುಗಳಲ್ಲಿ ಒಂದು ಮೂಲೆಯ ಐದು ಬಾಗಿದ್ದವು. ಎಎಂ5 ಮತ್ತು ಇಂಟೆಲಿನ ಈಗಿನ ಸಾಕೆಟ್ಟುಗಳಲ್ಲಿ ಪಿನ್ನುಗಳು ಬೋರ್ಡಿನಲ್ಲಿರುತ್ತವೆ, ಮೇಲೆ ಲೋಹದ ಚೌಕಟ್ಟು ಒತ್ತಿ ಹಿಡಿದಿರುತ್ತದೆ. ಅಲ್ಲಿ ಹೀಗೆ ಕಿತ್ತು ಬರುವುದಿಲ್ಲ.

ಮಾಡಬೇಕಾಗಿದ್ದದ್ದು ಇಷ್ಟು: ಆಟವೊಂದನ್ನು ಹತ್ತು ಹದಿನೈದು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಟ್ಟು, ಆಫ್ ಮಾಡಿದ ಕೂಡಲೇ ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಿ ಸಡಿಲಿಸಿದ ಮೇಲೆ ಎತ್ತುವುದು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ನಾನೇ ಹೀಗೆ ಹೇಳಿಕೊಡುತ್ತೇನೆ.

“ಹೋಯ್ತಾ ಮಾವ?” ಎಂದು ಹುಡುಗ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಮೊದಲು ಅದನ್ನು ಪಕ್ಕಕ್ಕಿಟ್ಟು, ಸಹೋದ್ಯೋಗಿಯ 5600 ಅನ್ನು ಹಾಕಿ, ಬಂದ ಕೆಲಸ ಮುಗಿಸಿದೆ. ಆನ್ ಮಾಡಿದಾಗ ಹೊಸ ಪ್ರೊಸೆಸರ್ ಬಂದಿದೆ, ಟಿಪಿಎಂ ಅಳಿಸಿ ಹೊಸದಾಗಿ ಆರಂಭಿಸಲೇ ಎಂದು ಬೋರ್ಡ್ ಕೇಳಿತು; ಎನ್‌ಕ್ರಿಪ್ಶನ್ ಮೊದಲೇ ಆಫ್ ಆಗಿದ್ದುದರಿಂದ ಧೈರ್ಯವಾಗಿ ಒಪ್ಪಿಗೆ ಕೊಟ್ಟೆ. ಫೋರ್ಜಾ 97ರ ಬದಲು 101 ಕೊಟ್ಟಿತು. ವ್ಯಾಲೊರಂಟ್ 188ರಿಂದ 241ಕ್ಕೆ ಹಾರಿತು. ಕಾರ್ಡಿನ ತಡೆ ಇರುವ ಆಟದಲ್ಲಿ ನಾಲ್ಕು ಫ್ರೇಮ್, ಪ್ರೊಸೆಸರಿನ ತಡೆ ಇರುವ ಆಟದಲ್ಲಿ ಐವತ್ಮೂರು. ಎರಡು ವಾರದ ಹಿಂದಿನ ಐದು ನಿಮಿಷದ ಪರೀಕ್ಷೆ ಹೇಳಿದ್ದನ್ನೇ ಇದೂ ಹೇಳಿತು. ಆದರೆ ನಮ್ಮ ಪರದೆ ಸೆಕೆಂಡಿಗೆ ತೋರಿಸುವುದೇ 60 ಚಿತ್ರಗಳನ್ನು.

ಸಂಜೆ ಪಿನ್ನುಗಳ ಕೆಲಸಕ್ಕೆ ಕೂತೆ. ಅಕ್ಕನ ಮಗಳ 0.7 ಮಿ.ಮೀ. ಪೆನ್ ಪೆನ್ಸಿಲಿನ ಕಡ್ಡಿ ತೆಗೆದು, ಅದರ ಮೊನೆಯ ಕೊಳವೆಯನ್ನು ಬಾಗಿದ ಪಿನ್ನಿನ ಮೇಲೆ ಇಳಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನೇರ ಮಾಡಿದೆ. ಭಾವ ಬ್ಯಾಟರಿ ದೀಪ ಹಿಡಿದರು, ಅವಳು ಭೂತಕನ್ನಡಿ ಹಿಡಿದಳು. ಒಂದು ಪಿನ್ನನ್ನು ಎರಡು ಸಲ ಹಿಂದೆ ಮುಂದೆ ಬಾಗಿಸಿದರೆ ಮುರಿಯುವ ಸಂಭವ ಹೆಚ್ಚು, ಆದ್ದರಿಂದ ಒಂದೇ ದಿಕ್ಕಿನಲ್ಲಿ ತಂದು ನಿಲ್ಲಿಸಬೇಕು. ಐದಕ್ಕೆ ಐವತ್ತು ನಿಮಿಷ ಹಿಡಿಯಿತು. ಆಮೇಲೆ ತೆಳುವಾದ ವಿಸಿಟಿಂಗ್ ಕಾರ್ಡೊಂದನ್ನು ಸಾಲುಗಳ ನಡುವೆ ಉದ್ದಕ್ಕೂ ಅಡ್ಡಕ್ಕೂ ಎಳೆದು, ಎಲ್ಲಿಯೂ ತಡೆಯುವುದಿಲ್ಲವೆಂದು ನೋಡಿದೆ.

ಸಾಕೆಟ್ಟಿನೊಳಗೆ ಪ್ರೊಸೆಸರ್ ತನ್ನ ಭಾರಕ್ಕೆ ತಾನೇ ಇಳಿಯಿತು, ಒತ್ತಲಿಲ್ಲ. ಯಂತ್ರ ಆನ್ ಆಯಿತು. ಆದರೆ ಬಯಾಸಿನಲ್ಲಿ 16ರ ಬದಲು 8 ಜಿಬಿ ಮಾತ್ರ ಕಾಣಿಸಿತು. ಮತ್ತೆ ತೆಗೆದೆ, ಈ ಸಲ ಬಿಸಿ ಇರುವಾಗಲೇ, ತಿರುಗಿಸಿ. ಭೂತಕನ್ನಡಿಯಲ್ಲಿ ಆರನೆಯ ಪಿನ್ನೊಂದು ತುಸುವೇ ಓರೆಯಾಗಿರುವುದು ಸಿಕ್ಕಿತು. ನೇರ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡೂ ಮೈ ಒರೆಸಿ, ಹೊಸ ಪೇಸ್ಟ್ ಹಾಕಿ ಕೂರಿಸಿದ ಮೇಲೆ ರಾತ್ರಿ ಒಂಬತ್ತೂವರೆಗೆ 16 ಜಿಬಿ ಬಂತು.

ಆಗಸ್ಟ್ 24, ಭಾನುವಾರ: ಕೊನೆಯ ತಪಾಸಣೆ ಮತ್ತು ಲೆಕ್ಕ

ವಾರವಿಡೀ ಮಕ್ಕಳು ಬಳಸಿದರು, ಒಮ್ಮೆಯೂ ನಿಲ್ಲಲಿಲ್ಲ. ಆದರೂ ಬಾಗಿದ್ದ ಪಿನ್ನುಗಳು ರ‍್ಯಾಮಿನ ಹಾದಿಯವಾದ್ದರಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ನಾಲ್ಕು ಸುತ್ತು ಓಡಿಸಿದೆ. ಒಂದು ದೋಷವೂ ಬರಲಿಲ್ಲ. ಫೋರ್ಜಾ ಅರ್ಧ ಗಂಟೆ ಓಡಿದಾಗ ಪ್ರೊಸೆಸರಿನ ಬಿಸಿ 71 ಡಿಗ್ರಿಯಲ್ಲಿ ನಿಂತಿತು. ಆಟ ನಡೆಯುತ್ತಿರುವಾಗಲೇ ಮೇನ್ ಸ್ವಿಚ್ ಆರಿಸಿದೆ. ಯುಪಿಎಸ್ ಹಿಡಿದುಕೊಂಡಿತು, ಆಟ ಮುಚ್ಚಿ ಯಂತ್ರ ಆಫ್ ಮಾಡಲು ಸಮಯ ಸಿಕ್ಕಿತು.

ಮೊದಲ ಕಂತಿನ ಖರ್ಚು: ಪ್ರೊಸೆಸರ್ 10,200, ಬೋರ್ಡ್ 8,300, ಒಂದು ರ‍್ಯಾಮ್ 1,650, ಎಸ್‌ಎಸ್‌ಡಿ 3,050, ಎಸ್‌ಎಂಪಿಎಸ್ 3,900, ಕ್ಯಾಬಿನೆಟ್ 2,900, ಕೇಬಲ್ 350, ವಿಂಡೋಸ್ 8,950, ಒಟ್ಟು 39,300. ಎರಡನೆಯ ಕಂತು: ರ‍್ಯಾಮ್ 1,700, ಕಾರ್ಡ್ 20,900, ಯುಪಿಎಸ್ 2,600, ಪೇಸ್ಟ್ ಮತ್ತು ಆಲ್ಕೋಹಾಲ್ 420; ಒಟ್ಟು 25,620. ಎರಡೂ ಸೇರಿ 64,920 ರೂಪಾಯಿ. ಅಕ್ಕ ಕೊಟ್ಟದ್ದು 63,000.

ಎಲ್ಲವನ್ನೂ ಆಗಸ್ಟಿನಲ್ಲಿ ಒಮ್ಮೆಗೇ ಕೊಂಡಿದ್ದರೆ 5600ಜಿಯ ಬದಲು 5600 ತಂದು 1,300, ಚೀಟಿ ನೋಡಿ ಬಿ450 ಬೋರ್ಡನ್ನೇ ಇಟ್ಟುಕೊಂಡು 2,400, ಒಟ್ಟು 3,700 ರೂಪಾಯಿ ಉಳಿಯುತ್ತಿತ್ತು, ಯಂತ್ರವೂ ಇದಕ್ಕಿಂತ ವೇಗದ್ದಾಗಿರುತ್ತಿತ್ತು. ಅದರಲ್ಲಿ 2,400 ನನ್ನ ಅಜಾಗರೂಕತೆಯ ಬೆಲೆ. ಉಳಿದ 1,300 ಜೂನಿನಿಂದಲೇ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದಕ್ಕೆ ಕೊಟ್ಟದ್ದು. ಅದಕ್ಕಾಗಿ ನನಗೆ ಬೇಸರವಿಲ್ಲ. ಹಳೆಯ ಐ5ಕ್ಕೆ ಉಬುಂಟು ಹಾಕಿದ್ದೇನೆ, ಭಾವ ಅದರಲ್ಲಿ ತೋಟದ ಲೆಕ್ಕ ಬರೆಯುತ್ತಿದ್ದಾರೆ.

5600ಜಿ ಅದೇ ಸಾಕೆಟ್ಟಿನಲ್ಲಿ ಉಳಿದಿದೆ. 60 ಹರ್ಟ್ಸಿನ ಈ ಪರದೆ ಇರುವವರೆಗೆ ಅದನ್ನು ಬದಲಿಸುವುದಿಲ್ಲ. ಸಹೋದ್ಯೋಗಿಯ 5600 ಅನ್ನು ಸೋಮವಾರವೇ ಅವರ ಯಂತ್ರಕ್ಕೆ ನಾನೇ ಹಾಕಿಕೊಟ್ಟೆ. ಅದಕ್ಕೆ ಮುನ್ನ ಅವರ ಎದುರಿನಲ್ಲಿಯೇ ಭೂತಕನ್ನಡಿ ಹಿಡಿದು ಪಿನ್ನುಗಳನ್ನು ಸಾಲು ಸಾಲಾಗಿ ನೋಡಿ ತೋರಿಸಿದೆ.